ಗಂಟಲ ವಾರ್ಡಿನ ದಮಯಂತಿ

ದಮಯಂತಿ ಹುಟ್ಟಿದ್ದು ಬೊಕ್ಕಪಟ್ಣದಲ್ಲಿ, ಹೊಳೆ ಬದಿಯಲ್ಲಿ. ಮನೆಯ ಗಂಡಸರು ಕಡಲಿಗೆ ಹೋಗುವವರು. ಹೆಂಗಸರು ಮೀನು ಹೊತ್ತು ಮಾರುವವರು. ಅವಳಿಗೂ ಅದೇ ಕೆಲಸ ಅಂತ ಎಲ್ಲರೂ ತಿಳ್ಕೊಂಡಿದ್ರು. ನಾಲ್ಕನೇ ಕ್ಲಾಸು ಆದ ಮೇಲೆ ಸ್ಲೇಟನ್ನು ತಂಗಿಗೆ ಕೊಟ್ಟು, ಅಮ್ಮನ ಹಿಂದೆ ಬುಟ್ಟಿ ಹೊತ್ತು ನಡೆದ್ಳು.

ಮಣ್ಣಗುಡ್ಡದ ಮನೆಗಳೆಲ್ಲ ಮುಗಿದ ಮೇಲೆ ಕಡೆಯದ್ದು ಮಕ್ಕಳ ಆಸ್ಪತ್ರೆ. ಅದರ ಹಿಂಬಾಗಿಲಲ್ಲಿ ಅಡಿಗೆಯವ ಉಳಿದ ಮೀನು ತಕೊಳ್ತಿದ್ದ. ಅವಳಿಗೆ ಹದಿನಾರು ವರ್ಷ ಆಗಿರುವಾಗ ಒಂದು ದಿನ ಅವ ಮೀನು ಆರಿಸ್ತಾ ಇದ್ದ. ಒಳಗೆ ಒಂದು ಮಗು ಬೊಬ್ಬೆ ಹಾಕುದು ಕೇಳಿತು. ಬಿಸಿ ಗಂಜಿ ಮೈಮೇಲೆ ಬಿದ್ದ ಮಗು. ಮದ್ದು ಹಚ್ಚಲಿಕ್ಕೆ ಬಿಡ್ತಾ ಇರಲಿಲ್ಲ. ಬಿಳಿ ಸೀರೆಯ ಒಬ್ರು ಬಾಯಮ್ಮ ಬಾಗಿಲಿನಿಂದ ತಲೆ ಹೊರಗೆ ಹಾಕಿ, "ಏ ಹುಡುಗಿ, ಕೈ ತೊಳೆದು ಬಾ. ಇವನನ್ನು ಸ್ವಲ್ಪ ಹಿಡಿ" ಅಂದ್ರು.

ಆ ಬಾಯಮ್ಮನ ಹೆಸರು ರೊಸಾಲಿನ್. ಆಗ ನರ್ಸು, ಮತ್ತೆ ಮೇಟ್ರನ್ ಆದವರು.

ದಮಯಂತಿ ಹಿಡಿದ್ಳು. ಅವಳ ಮೈಯೆಲ್ಲ ಬೂತಾಯಿ ಮೀನಿನ ವಾಸನೆ. ಮಗು ಅಳುದು ನಿಲ್ಲಿಸಿ ಮೂಗು ಮುಚ್ಚಿಕೊಂಡಿತು. ಅಷ್ಟರಲ್ಲಿ ಮದ್ದು ಹಚ್ಚಿ ಆಯ್ತು.

"ನಾಳೆಯಿಂದ ಬರ್ತೀಯಾ?" ಕೇಳಿದ್ರು ರೊಸಾಲಿನ್.

"ಮೀನು ತಕೊಂಡಾ?"

"ಮೀನು ಬಿಟ್ಟು."

ಹಾಗೆ ಅವಳು ಆಯಾ ಆದ್ಳು. ಮನೆಯಲ್ಲಿ ಮಾತು ಇರುದು ಮಾವ ಸೇಸಪ್ಪನದ್ದು, ಅಮ್ಮನ ಅಣ್ಣ. ಅವನಿಗೆ ಸಿಟ್ಟು ಬಂತು.

"ಕಂಡವರ ಮಕ್ಕಳ ಹೇಲು ಬಾಚುದಕ್ಕೆ ನಿನ್ನನ್ನು ಶಾಲೆಗೆ ಕಳಿಸಿದ್ದಾ?"

"ಮೀನಿನ ಕರುಳು ಬಾಚುದಕ್ಕೆ ಕಳಿಸಿದ್ದಾ ಮಾವ?"

ಸೇಸಪ್ಪ ಬಲೆ ಎತ್ತಿಕೊಂಡು ಹೋದ. ಮತ್ತೆ ಆ ಸುದ್ದಿ ತೆಗೆಯಲಿಲ್ಲ.

ಎಂಟು ವರ್ಷ ಆಯಾ ಕೆಲಸ. ಬಟ್ಟೆ ಒಗೆಯುದು, ಪಾತ್ರೆ ಬೇಯಿಸುದು, ಅಳುವ ಮಗುವನ್ನು ಎತ್ತಿಕೊಂಡು ಜಗಲಿಯಲ್ಲಿ ನಡೆಯುದು. ಆಮೇಲೆ ರೊಸಾಲಿನ್ ಬಾಯಮ್ಮನೇ ಹಠ ಹಿಡಿದು ಅವಳನ್ನು ನರ್ಸು ಕಲಿಯಲಿಕ್ಕೆ ಹಾಕಿದ್ರು. ಒಂದು ಸಲ ಫೇಲಾದ್ಳು. ಇನ್ನೊಂದು ಸಲ ಕೂತು ಪಾಸಾದ್ಳು. ಆ ಮಧ್ಯೆ ಉಳ್ಳಾಲದಿಂದ ಒಂದು ಸಂಬಂಧ ಬಂದಿತ್ತು. ಆಸ್ಪತ್ರೆ ಬಿಟ್ರೆ ಮಾತ್ರ ಅಂತ ಹೇಳಿದ್ರು. ಪರೀಕ್ಷೆ ಆಗ್ಲಿ, ನೋಡುವ ಅಂದ್ಳು ಇವಳು. ಅವರು ನೋಡ್ಲಿಲ್ಲ. ಬೇರೆ ಹುಡುಗಿ ತಂದ್ರು.

ನರ್ಸು ಆದ ಮೇಲೆ ಅವಳಿಗೆ ಸಿಕ್ಕಿದ್ದು ಗಂಟಲ ವಾರ್ಡು. ಆಸ್ಪತ್ರೆಯ ಹಿಂದೆ, ಬಾವಿಯ ಆಚೆ, ಬೇರೆಯೇ ಒಂದು ಕಟ್ಟಡ. ಆರು ಮಂಚ. ಗಂಟಲಮಾರಿ ಆದ ಮಕ್ಕಳನ್ನು ಅಲ್ಲಿ ಹಾಕುದು. ಆ ರೋಗದಲ್ಲಿ ಗಂಟಲೊಳಗೆ ಬೂದಿ ಬಣ್ಣದ ಪೊರೆ ಬೆಳೆದು ಉಸಿರು ಕಟ್ತದೆ. ಸೂಜಿಮದ್ದು ಉಂಟು. ಆದ್ರೆ ಎಷ್ಟೋ ಸಲ ಮದ್ದು ಹಿಡಿಯುವ ಮೊದಲೇ ಮಗು ನೀಲಿ ಆಗ್ತದೆ. ಆಗ ಡಾಕ್ಟರು ಕುತ್ತಿಗೆಯ ಎದುರಿಗೆ ಸಣ್ಣ ತೂತು ಮಾಡಿ ಬೆಳ್ಳಿಯ ನಳಿಗೆ ಇಡ್ತಾರೆ. ಮತ್ತೆ ಮಗುವಿನ ಉಸಿರೆಲ್ಲ ಆ ನಳಿಗೆಯಲ್ಲೇ. ಬಾಯಿ ಮೂಗು ಇದ್ದೂ ಇಲ್ಲ.

ನಳಿಗೆ ಇಡುದು ಡಾಕ್ಟರು. ಕಾಯುದು ನರ್ಸು. ಹೊರಗಿನ ನಳಿಗೆಯೊಳಗೆ ಇನ್ನೊಂದು ಸಪೂರದ್ದು ಉಂಟು. ಅದನ್ನು ಆಗಾಗ ತೆಗೆದು ತೊಳೆದು ಹಾಕಬೇಕು. ನಡುವಿನಲ್ಲಿ ಕಫವೋ ಪೊರೆಯೋ ಬಂದು ಸಿಕ್ಕಿಕೊಂಡ್ರೆ ಕೋಳಿ ಗರಿ ಬೇಕು. ಬೇಯಿಸಿದ ಗರಿಯನ್ನು ಸೋಡಾ ಹಾಕಿದ ನೀರಲ್ಲಿ ಅದ್ದಿ, ನಳಿಗೆಯೊಳಗೆ ಇಳಿಸಿ, ಒಂದು ಸುತ್ತು ತಿರುಗಿಸಿ ಎಳೆಯುದು. ಮಗು ಕೆಮ್ಮುತ್ತದೆ, ಕಸ ಹೊರಗೆ ಬರ್ತದೆ. ಮೆಲ್ಲ ಮಾಡಿದ್ರೆ ಬರುದಿಲ್ಲ. ಜೋರು ಮಾಡಿದ್ರೆ ರಕ್ತ ಬರ್ತದೆ.

ಗರಿಗೆ ಅವಳು ಮಾರ್ಕೆಟಿಗೆ ಹೋಗ್ತಿದ್ಳು, ಕಬೀರ್ ಕಾಕನ ಕೋಳಿ ಅಂಗಡಿಗೆ.

"ಎಲ್ಲರೂ ಕೋಳಿ ಕೇಳ್ತಾರೆ. ಗರಿ ಕೇಳುದು ನೀವು ಒಬ್ರೇ ನರ್ಸಮ್ಮ."

"ಕೋಳಿ ನೀವು ಬೇರೆಯವರಿಗೆ ಮಾರಿ ಕಾಕ. ರೆಕ್ಕೆಯ ಸಣ್ಣ ಗರಿ ನನಗೆ ಇಡಿ."

"ಆ ಕೋಳಿಗೆ ಗೊತ್ತಾದ್ರೆ ಹೆದರಿ ಸಾಯ್ತದೆ, ಎರಡು ಗಿರಾಕಿ ಅಂತ."

ನಳಿಗೆ ಇಟ್ಟ ಮಗುವಿಗೆ ಸ್ವರ ಇರುದಿಲ್ಲ. ಬಾಯಿ ತೆರೆದು ಅಳ್ತದೆ, ಕಣ್ಣೀರು ಇಳಿತದೆ, ಸದ್ದು ಮಾತ್ರ ಇಲ್ಲ. ಅದನ್ನು ನೋಡ್ಲಿಕ್ಕಾಗದೆ ಹೊಸ ನರ್ಸುಗಳು ಎರಡೇ ದಿನಕ್ಕೆ ಬೇರೆ ವಾರ್ಡು ಕೇಳ್ತಿದ್ರು. ದಮಯಂತಿ ಕೇಳ್ಲಿಲ್ಲ. ಎರಡು ವರ್ಷ ಅಲ್ಲೇ ಇದ್ಳು. ಎಲ್ಲ ಮಕ್ಕಳೂ ಬದುಕಿದ್ರು ಅಂತ ಅಲ್ಲ. ಆದ್ರೆ ಅವಳು ಕಾದ ನಳಿಗೆ ಕಟ್ಟಿ ಮಗು ಹೋಯ್ತು ಅಂತ ಯಾರೂ ಹೇಳುವ ಹಾಗೆ ಇರಲಿಲ್ಲ. ಅವಳ ಕೈಗೆ ಗೊತ್ತುಂಟು ಅಂತ ಡಾಕ್ಟರೇ ಹೇಳ್ತಿದ್ರು.

ಮೂವತ್ತೆಂಟನೇ ಇಸವಿಯಲ್ಲಿ ಬೂಬ ಬಂದ.

ಬೂಬ ಲಕ್ಷ್ಮೀಯ ಮಗ, ಮೂರು ವರ್ಷದವ. ಲಕ್ಷ್ಮೀಯ ಮನೆ ಬೊಕ್ಕಪಟ್ಣದಲ್ಲಿ ದಮಯಂತಿಯ ಮನೆಯಿಂದ ಐದು ಮನೆ ಆಚೆ. ಸಣ್ಣದಿರುವಾಗ ಇಬ್ಬರೂ ಒಟ್ಟಿಗೆ ಏಡಿ ಹಿಡಿದವರು. ಬೂಬನಿಗೆ ನಳಿಗೆ ಇಟ್ಟು ಮೂರನೇ ದಿನ. ಜ್ವರ ಇಳಿದಿತ್ತು.

ಆ ವಾರ್ಡಿಗೆ ಒಂದು ನಿಯಮ ಇತ್ತು. ಅಮ್ಮಂದಿರು ಜಗಲಿಯಲ್ಲೇ ಇರ್ಬೇಕು, ಬಾಗಿಲು ದಾಟಬಾರದು. ಲಕ್ಷ್ಮೀ ಮೂರು ದಿನವೂ ಕೇಳಿದ್ಳು.

"ದಮಯಂತಿ, ನೀನಾದ್ರೂ ನಮ್ಮವಳಲ್ವಾ? ಅವನ ಕಾಲು ಒಂದು ಸಲ ಮುಟ್ಟಿ ಹೋಗ್ತೇನೆ ಮಾರಾಯ್ತಿ."

ಮೂರನೇ ದಿನ ದಮಯಂತಿ ಬಾಗಿಲು ತೆಗೆದ್ಳು. ಕೈ ತೊಳೆಸಿದ್ಳು, ಮಂಚದ ಹತ್ತಿರ ಕೂರಿಸಿದ್ಳು. "ಇಲ್ಲೇ ಕೂತಿರು" ಅಂದ್ಳು. ಬೇರೆ ಏನೂ ಹೇಳ್ಲಿಲ್ಲ. ನಮ್ಮವಳಿಗೆ ಹೇಳುದೆಂತ?

ಆಚೆ ಮಂಚದ ಮಗು ವಾಂತಿ ಮಾಡಿತು. ದಮಯಂತಿ ಅದನ್ನು ಎತ್ತಿ, ತೊಳೆದು, ಹಾಸಿಗೆ ಬಟ್ಟೆ ಬದಲು ಮಾಡಿದ್ಳು. ನಾಲ್ಕೈದು ನಿಮಿಷ ಆಗಿರ್ಬಹುದು. ಅಷ್ಟರಲ್ಲಿ ಜಗಲಿಯ ಕಿಟಿಕಿಯಲ್ಲಿ ನಾಲ್ಕು ತಲೆ ಬಂತು. "ಅಯ್ಯೋ ದೇವರೇ, ಕುತ್ತಿಗೆಯಲ್ಲಿ ತೂತು ನೋಡು" ಅಂತ ಒಬ್ಬಳು. ಎಲ್ಲರೂ ನೋಡಿದ್ರು.

ಗಾಯ ಆದ ಮಗುವಿನ ಮೇಲೆ ಹತ್ತು ಜನರ ಕಣ್ಣು ಬೀಳ್ಬಾರದು. ಬೊಕ್ಕಪಟ್ಣದ ಕಡೆ ಹಾಗೆ. ಗಾಯವನ್ನು ಮುಚ್ಚಿಯೇ ಇಡುದು. ಲಕ್ಷ್ಮೀ ಸೊಂಟಕ್ಕೆ ಕಟ್ಟಿದ ಬೈರಾಸು ಬಟ್ಟೆ ಬಿಚ್ಚಿ, ಎರಡು ಮಡಿಕೆ ಮಾಡಿ, ಮಗನ ಕುತ್ತಿಗೆಗೆ ಬೆಚ್ಚಗೆ ಸುತ್ತಿದ್ಳು. ಬೂಬ ಕೈಕಾಲು ಬಡಿದ. ಸ್ವರ ಇಲ್ಲವಲ್ಲ. ಹಠ ಮಾಡ್ತಾನೆ ಅಂತ ಅವಳು ಎದೆ ತಟ್ಟಿದ್ಳು, ಮಲಗು ಮಗ, ಮಲಗು ಅಂತ.

ದಮಯಂತಿ ತಿರುಗಿ ನೋಡುವಾಗ ಮಗು ಮಲಗಿದ ಹಾಗೇ ಇತ್ತು.

ಬೈರಾಸು ಎಳೆದು ಬಿಸಾಡಿದ್ಳು. ಗರಿ ಹಾಕಿದ್ಳು. ಎದೆ ಒತ್ತಿದ್ಳು. ಡಾಕ್ಟರು ಓಡಿ ಬಂದು ಅವರೂ ಒತ್ತಿದ್ರು. ಬೂಬನ ಉಸಿರು ತಿರುಗಿ ಬರಲಿಲ್ಲ.

ಬೈರಾಸು ಯಾಕೆ ಎಳೆದದ್ದು ಅಂತ ಲಕ್ಷ್ಮೀ ಕೇಳ್ಲಿಲ್ಲ. ಅವಳಿಗೆ ಅದೆಲ್ಲ ನೋಡುವ ಪ್ರಜ್ಞೆ ಇರಲಿಲ್ಲ. ದಮಯಂತಿ ಅದನ್ನು ನೆಲದಿಂದ ಹೆಕ್ಕಿ, ಮಡಚಿ, ಅವಳ ಕೈಗೆ ಕೊಟ್ಳು.

ಮೇಟ್ರನ್ ಎದುರು ಅವಳು ಏನೂ ಮುಚ್ಚಿಡ್ಲಿಲ್ಲ. ನಾನೇ ಒಳಗೆ ಬಿಟ್ಟದ್ದು ಅಂತ ಹೇಳಿದ್ಳು. ಬೈರಾಸಿನ ವಿಷಯವನ್ನೂ ಹೇಳಿದ್ಳು.

"ನಿನಗೆ ಗೊತ್ತಿರ್ಬೇಕಿತ್ತು" ಅಂದ್ರು ರೊಸಾಲಿನ್ ಬಾಯಮ್ಮ. "ಡಾಕ್ಟರಿಗೆ ಗೊತ್ತಿಲ್ಲ, ನನಗೆ ಗೊತ್ತಿಲ್ಲ. ನಿಮ್ಮವರು ಗಾಯ ಮುಚ್ತಾರೆ ಅಂತ ನಿನಗಲ್ಲದೆ ಇಲ್ಲಿ ಯಾರಿಗೆ ಗೊತ್ತುಂಟು?"

ಬೈದಿದ್ರೆ ಎರಡು ದಿನದಲ್ಲಿ ಮರೀತಿದ್ಳು. ಇದು ನಿಜ ಇತ್ತು. ಅದಕ್ಕೇ ಅದು ಒಳಗೇ ಉಳೀತು.

ಬೊಕ್ಕಪಟ್ಣದಲ್ಲಿ ಬೇರೆ ಕಥೆ ಆಯ್ತು. ದಮಯಂತಿ ಮಗುವನ್ನು ಬಿಟ್ಟು ಎಲ್ಲಿಗೋ ಹೋದ್ಳು, ಅದಕ್ಕೇ ಬೂಬ ಹೋದದ್ದು ಅಂತ ಲಕ್ಷ್ಮೀ ಎಲ್ಲರ ಹತ್ರ ಹೇಳಿದ್ಳು. ಬಾವಿಕಟ್ಟೆಯಲ್ಲಿ ಇವಳನ್ನು ಕಂಡ್ರೆ ಹೆಂಗಸರ ಮಾತು ನಿಲ್ಲುದಕ್ಕೆ ಸುರುವಾಯ್ತು. ಒಂದು ದಿನ ಸೇಸಪ್ಪನಿಗೆ ಇವಳೇ ನಡೆದದ್ದನ್ನು ಹೇಳಿದ್ಳು. ಅವ ಎದ್ದು ನಿಂತ.

"ಈಗಲೇ ಹೋಗಿ ಹೇಳ್ತೇನೆ ಅವಳಿಗೆ. ನಿನ್ನ ಬೈರಾಸೇ ಕೊಂದದ್ದು ಅಂತ."

"ಕೂತ್ಕೊಳ್ಳಿ ಮಾವ."

"ನಿನ್ನ ಹೆಸರು ಹಾಳಾಗ್ತದಲ್ಲ ಮಾರಾಯ್ತಿ!"

"ನನ್ನ ಹೆಸರು ಹಾಳಾದ್ರೆ ನಾನು ಸಾಯುದಿಲ್ಲ. ಅದನ್ನು ಕೇಳಿದ್ರೆ ಅವಳು ಸಾಯ್ತಾಳೆ. ಅವಳಿಗೆ ಇನ್ನೂ ಎರಡು ಮಕ್ಕಳುಂಟು."

ಸೇಸಪ್ಪ ಕೂತ. "ನಿನ್ನನ್ನು ಶಾಲೆಗೆ ಕಳಿಸಿದ್ದೇ ತಪ್ಪು" ಅಂದ. ಆದ್ರೆ ಈ ಸಲ ಬೈದ ಹಾಗೆ ಇರಲಿಲ್ಲ.

ರೊಸಾಲಿನ್ ಬಾಯಮ್ಮ ಅವಳನ್ನು ಹಾಲಿನ ಕೋಣೆಗೆ ಹಾಕಿದ್ರು. ಬಾಟ್ಲಿ ಬೇಯಿಸುದು, ಹಾಲು ಅಳೆಯುದು, ಬಟ್ಟೆ ಎಣಿಸಿ ಇಡುದು. ಒಂದು ವರ್ಷ ಹತ್ರ ಅದೇ ಕೆಲಸ. ಮಾರ್ಕೆಟಿಗೆ ಹೋದ್ರೆ ಕೋಳಿ ಅಂಗಡಿ ಬದಿಯಿಂದ ಹೋಗ್ತಿರಲಿಲ್ಲ. ಕಬೀರ್ ಕಾಕ ಒಂದು ಸಲ ದೂರದಿಂದ ಕೂಗಿದ, "ನರ್ಸಮ್ಮ, ಗರಿ ಇಟ್ಟಿದ್ದೇನೆ." ಅವಳು ಕೈ ಅಲ್ಲಾಡಿಸಿ ಮುಂದೆ ನಡೆದ್ಳು. ಕೆಲಸ ಕಡಿಮೆ ಇದ್ರೂ ಅವಳಿಗೆ ದಿನಾ ಬಚ್ಚುತ್ತಿತ್ತು, ಮೈ ಸೋತು ಹೋಗ್ತಿತ್ತು. ಬೆಳಿಗ್ಗೆ ಏಳುವಾಗಲೇ ಬಚ್ಚಿರ್ತಿತ್ತು.

ಮರುವರ್ಷ ಮಳೆ ಬಿಟ್ಟ ಮೇಲೆ ಗಂಟಲಮಾರಿ ಊರಿಡೀ ಬಂತು. ಆರು ಮಂಚವೂ ತುಂಬಿತು. ಗಂಟಲ ವಾರ್ಡಿನ ಇಬ್ಬರು ನರ್ಸುಗಳು ಜ್ವರ ಬಂದು ಮಲಗಿದ್ರು. ಬೆಳಿಗ್ಗೆ ಏಳು ಗಂಟೆಗೆ ರೊಸಾಲಿನ್ ಬಾಯಮ್ಮ ಹಾಲಿನ ಕೋಣೆಗೆ ಬಂದ್ರು.

"ಗಂಟಲ ವಾರ್ಡಿಗೆ ಹೋಗು."

"ನನ್ನಿಂದ ಆಗುದಿಲ್ಲ ಬಾಯಮ್ಮ."

"ಆಗುದಿಲ್ಲ ಅಂತ ನಾನೂ ತಿಳ್ಕೊಂಡಿದ್ದೇನೆ. ಬೇರೆ ಯಾರೂ ಇಲ್ಲ."

ಅಲ್ಲಿ ಆಯಾ ತೆರೆಸಾ ಇದ್ಳು. ಮುದುಕಿ, ಬಾಯಿ ಜೋರು. ಇವಳನ್ನು ಕಂಡು, "ಬಂದೆಯಾ? ಗರಿ ನೀನು ಹಿಡಿ, ಜಪಮಾಲೆ ನಾನು ಹಿಡಿತೇನೆ. ಎರಡರಲ್ಲಿ ಒಂದು ಕೆಲಸ ಮಾಡ್ತದೆ" ಅಂದ್ಳು.

ಮೂರನೇ ಮಂಚದಲ್ಲಿ ತುಕ್ರ. ನಾಲ್ಕು ವರ್ಷದವ. ಆ ದಿನ ಬೆಳಿಗ್ಗೆಯೇ ನಳಿಗೆ ಇಟ್ಟದ್ದು. ಗಟ್ಟಿ ಹುಡುಗ. ಎಚ್ಚರ ಆದ ಕೂಡಲೇ ನಳಿಗೆಗೆ ಕೈ ಹಾಕಿದ. ಹಾಗಾಗಿ ಎರಡೂ ಕೈಗೆ ಹಲಗೆ ಕಟ್ಟಿ ಮಂಚಕ್ಕೆ ಬಿಗಿದ್ರು. ಮತ್ತೆ ಅವ ಅಳ್ಲಿಕ್ಕೆ ಸುರು ಮಾಡಿದ. ಬಾಯಿ ಅಗಲ ತೆರೆದು, ಮುಖ ಕೆಂಪು ಮಾಡಿ, ಸದ್ದಿಲ್ಲದೆ ಅತ್ತ. ಅತ್ತಷ್ಟು ಕಫ. ಕಫ ಬಂದಷ್ಟು ನಳಿಗೆ ಕಟ್ಟುದು.

ಮೊದಲ ಸಲ ಗರಿ ಹಾಕುವಾಗ ದಮಯಂತಿಯ ಕೈ ನಡುಗಿ ಗರಿಯ ತುದಿಯಲ್ಲಿ ರಕ್ತ ಬಂತು. ಅವಳು ಗೋಡೆ ಕಡೆ ತಿರುಗಿ ಕೈಯನ್ನು ಸೀರೆಗೆ ಒತ್ತಿ ಹಿಡಿದ್ಳು. ತಿರುಗಿ ಬಂದು ಇನ್ನೊಂದು ಗರಿ ತಕೊಂಡ್ಳು. ಹತ್ತು ಹದಿನೈದು ಸಲ ಆದ ಮೇಲೆ ಕೈ ನಡುಗುದು ನಿಂತಿತು. ಧೈರ್ಯ ಬಂದು ನಿಂತದ್ದಲ್ಲ. ನಡುಗಲಿಕ್ಕೂ ಪುರುಸೊತ್ತು ಇರಲಿಲ್ಲ.

ಆ ದಿನ ಹೋಯ್ತು. ಬದಲಿಗೆ ಯಾರೂ ಬರಲಿಲ್ಲ. ಬೆಳಗಾಯ್ತು. ಹನ್ನೊಂದು ಗಂಟೆಗೆ ಡಾಕ್ಟರು ಬಂದು ತುಕ್ರನ ನಾಡಿ ಹಿಡಿದು ನೋಡಿದ್ರು.

"ಮದ್ದು ಹಿಡಿತಾ ಉಂಟು. ಆದ್ರೆ ಈ ಅಳು ನಿಲ್ಲಬೇಕು. ಹೀಗೇ ಅತ್ರೆ ಹೃದಯ ತಡೆಯುದಿಲ್ಲ, ಸಂಜೆವರೆಗೆ ಉಳಿಯುದಿಲ್ಲ. ಏನಾದ್ರೂ ಮಾಡಿ ಸುಮ್ಮನಿರಿಸು. ನಾನು ನಾಲ್ಕು ಗಂಟೆಗೆ ಬರ್ತೇನೆ."

ದಮಯಂತಿ ಗೊತ್ತಿದ್ದದ್ದೆಲ್ಲ ಮಾಡಿದ್ಳು. ಹಣೆ ತಟ್ಟಿದ್ಳು, ತುಳುವಿನಲ್ಲಿ ಮಾತಾಡಿಸಿದ್ಳು, ಬಣ್ಣದ ಬಾಟ್ಲಿ ತೋರಿಸಿದ್ಳು. ತೆರೆಸಾ ಮಂಗನ ಹಾಗೆ ಕುಣಿದು ತೋರಿಸಿದ್ಳು. ತುಕ್ರ ಬಾಗಿಲು ನೋಡಿಕೊಂಡೇ ಅತ್ತ. ಉಳಿದ ಐದು ಮಂಚದಲ್ಲಿಯೂ ಕೆಲಸ ಇತ್ತು. ಒಂದು ಕಡೆ ಗಂಟಲು ಒಣಗದ ಹಾಗೆ ಇಟ್ಟ ಹಬೆಯ ಕೆಟ್ಲಿನ ನೀರು ಮುಗೀತದೆ, ಇನ್ನೊಂದು ಕಡೆ ಒಬ್ಬನಿಗೆ ಜ್ವರ ಏರ್ತದೆ.

ಹನ್ನೆರಡು ಗಂಟೆಗೆ ತೆರೆಸಾ ಜಗಲಿಗೆ ಹೋಗಿ ಬಂದ್ಳು.

"ಇವನ ಅಮ್ಮ ಕೇಳ್ತಾಳೆ, 'ಬಾಯಮ್ಮ, ಮಗ ಅಳುದೇ ಕೇಳುದಿಲ್ಲ, ಚಂದ ಮಲಗಿದ್ದಾನಾ?' ಅಂತ. ಎಂತ ಹೇಳುದು ನಾನು? ಹೂಂ ಅಂತ ಹೇಳಿ ಬಂದೆ. ದೇವರು ಕ್ಷಮಿಸ್ಲಿ."

ದಮಯಂತಿ ಕಿಟಿಕಿಯಿಂದ ನೋಡಿದ್ಳು. ಅಮ್ಮನ ಹೆಸರು ಕಿನ್ನಿ. ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು. ಕಾಲಿನಲ್ಲಿ ಇನ್ನೂ ಕೆಂಪು ಮಣ್ಣು ಇತ್ತು. ಮಗ ಮಲಗಿದ್ದಾನೆ ಅಂತ ತಿಳಿದು ಅವಳೂ ಗೋಡೆಗೆ ಒರಗಿ ಸ್ವಲ್ಪ ಹಗುರ ಕೂತಿದ್ಳು.

ಮಗುವನ್ನು ಸುಮ್ಮನಿರಿಸುವವಳು ಒಬ್ಬಳೇ ಇದ್ದಾಳೆ, ಅವಳು ಬಾಗಿಲಿನ ಆಚೆ ಕೂತಿದ್ದಾಳೆ. ಅದು ದಮಯಂತಿಗೆ ನಿನ್ನೆಯಿಂದ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಮಾಡಿದ್ಳು. ಬಾಗಿಲು ತೆಗೆದು ಏನಾದ್ರೂ ಆದ್ರೆ ಕೆಲಸ ಹೋಗ್ತದೆ, ಅದು ಇರ್ಲಿ. ಇನ್ನೊಂದು ಸತ್ತ ಮಗುವನ್ನು ಅಮ್ಮನ ಕೈಗೆ ಎತ್ತಿ ಕೊಡ್ಲಿಕ್ಕೆ ಅವಳಲ್ಲಿ ಶಕ್ತಿ ಉಳಿದಿರಲಿಲ್ಲ. ತೆಗೆಯದಿದ್ರೆ ಸಂಜೆಗೆ ತುಕ್ರ ಹೋಗ್ತಾನೆ. ಆಗ ಯಾರೂ ಅವಳ ತಪ್ಪು ಅಂತ ಹೇಳುದಿಲ್ಲ. ನಿಯಮದ ಪ್ರಕಾರವೇ ಹೋಗ್ತಾನೆ.

ಅವಳು ಗರಿಯ ಬೋಗುಣಿ ಹಿಡಿದು ನಿಂತು, ಬೂಬ ಹೋದ ದಿನದ್ದನ್ನು ಮೊದಲಿನಿಂದ ನೆನಪು ಮಾಡಿದ್ಳು. ಒಂದು ವರ್ಷ ಅವಳು ತಿಳಿದದ್ದು, ಲಕ್ಷ್ಮೀಯನ್ನು ಒಳಗೆ ಬಿಟ್ಟದ್ದೇ ತಪ್ಪು ಅಂತ. ಈಗ ನೋಡಿದ್ರೆ ಹಾಗಲ್ಲ. ಏನೂ ಹೇಳದೆ ಬಿಟ್ಟದ್ದು ತಪ್ಪು. ಬೇರೆ ಊರಿನವಳು ಆಗಿದ್ರೆ ಹತ್ತು ಸಲ ಹೇಳ್ತಿದ್ಳು. ನಮ್ಮವಳು ಅಂತ ಹೇಳ್ಲಿಲ್ಲ.

"ತೆರೆಸಾ, ಅವಳನ್ನು ಕರಿ."

"ಮೇಟ್ರನ್ ಬಾಯಮ್ಮ ನೋಡಿದ್ರೆ ನಿನ್ನನ್ನು ಒಣ ಹಾಕ್ತಾರೆ."

"ಹಾಕ್ಲಿ. ನಮ್ಮ ಮನೆಯಲ್ಲಿ ದಿನಾ ಮೀನು ಒಣ ಹಾಕುದೇ ಕೆಲಸ."

ಕಿನ್ನಿ ಬಾಗಿಲಿಗೆ ಬಂದ್ಳು. ದಮಯಂತಿ ಒಳಗೆ ಬಿಡ್ಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ, "ನಿನ್ನ ಕೈಯಿಂದ ನಿನ್ನ ಬಾಯಿ ಮೂಗು ಮುಚ್ಚು. ಗಟ್ಟಿ ಮುಚ್ಚು. ಈಗ ಉಸಿರು ತಕೊ" ಅಂದ್ಳು.

ಕಿನ್ನಿ ಮುಚ್ಚಿದ್ಳು. ಕಣ್ಣು ದೊಡ್ಡದಾಯ್ತು. ತಡೆಯಲಿಕ್ಕಾಗದೆ ಕೈ ತೆಗೆದ್ಳು.

"ನಿನ್ನ ಮಗನ ಬಾಯಿ ಮೂಗು ಈಗ ಅವನ ಕುತ್ತಿಗೆಯಲ್ಲಿ ಉಂಟು. ಅಲ್ಲಿ ಬಟ್ಟೆ ಇಟ್ರೆ, ಕೈ ಇಟ್ರೆ, ಸೆರಗು ಬಿದ್ರೆ, ಈಗ ನಿನಗಾದದ್ದೇ ಅವನಿಗೆ ಆಗುದು. ಅವನಿಗೆ ಬೊಬ್ಬೆ ಹಾಕ್ಲಿಕ್ಕೂ ಆಗುದಿಲ್ಲ. ತಿಳೀತಾ?"

"ತಿಳೀತು ಅಕ್ಕ." ಕಿಟಿಕಿ ಕಡೆ ನೋಡಿ ಕೇಳಿದ್ಳು, "ಆದ್ರೆ ಕಿಟಿಕಿಯಿಂದ ಜನ ನೋಡ್ತಾರಲ್ಲ? ಕಣ್ಣು ಬೀಳುದಿಲ್ವಾ?"

ಇದೇ ಮಾತು. ಆ ದಿನ ಲಕ್ಷ್ಮೀಯ ಹತ್ರ ಕೇಳಿ, ಉತ್ತರ ಕೊಟ್ಟು ಮುಗಿಸ್ಬೇಕಾಗಿದ್ದದ್ದು ಇದೇ. ದಮಯಂತಿ ಬಗ್ಗಿ ಹಬೆಯ ಕೆಟ್ಲಿನ ತಳಕ್ಕೆ ಬೆರಳು ಉಜ್ಜಿದ್ಳು. ಕಪ್ಪು ಮಸಿ ಬಂತು.

"ಇದನ್ನು ಅವನ ಪಾದಕ್ಕೆ ಹಚ್ಚು. ಯಾರ ಕಣ್ಣು ಬಿದ್ರೂ ಕಾಲಿಗೆ ಹೋಗ್ಲಿ. ಕುತ್ತಿಗೆ ಮುಟ್ಟಬೇಡ."

ಕಿನ್ನಿಗೆ ಅದು ಸರಿ ಅನಿಸಿತು.

ಅಮ್ಮನನ್ನು ಕಂಡು ತುಕ್ರ ಸುಮ್ಮನಾಗ್ಲಿಲ್ಲ. ಮೊದಲಿಗಿಂತ ಜೋರು ಅತ್ತ. ಎದೆ ಬಿಲ್ಲಿನ ಹಾಗೆ ಎದ್ದಿತು, ನಳಿಗೆ ಕಟ್ಟಿತು, ತುಟಿ ಕಪ್ಪಾಯ್ತು. ದಮಯಂತಿ ಗರಿ ಇಳಿಸಿ, ತಿರುಗಿಸಿ, ಎಳೆದ್ಳು. ಬಂತು. ಮತ್ತೆ ಕಟ್ಟಿತು. ಮತ್ತೆ ಇಳಿಸಿದ್ಳು. ತೆರೆಸಾಳ ಜಪಮಾಲೆಯ ಸದ್ದು ಮಾತ್ರ ಕೇಳ್ತಾ ಇತ್ತು. ತಪ್ಪು ಮಾಡಿದೆನಾ, ಇನ್ನೊಂದು ಸಲ ಅದೇ ತಪ್ಪು ಮಾಡಿದೆನಾ ಅಂತ ಅವಳ ತಲೆ ಕೇಳ್ತಾ ಇತ್ತು. ಕೈ ಅದರ ಕೆಲಸ ಮಾಡ್ತಾ ಇತ್ತು.

ಕಿನ್ನಿ ಮಗನ ಹೊಟ್ಟೆ ಮೇಲೆ ಅಂಗೈ ಇಟ್ಳು. "ಹಂಚು ಎಣಿಸುವನಾ ಮಗಾ?" ಅಂತ ಬಗ್ಗಿ ಹೇಳಿದ್ಳು. ಮತ್ತೆ ಮೇಲೆ ಹಂಚಿನ ಮಾಡು ನೋಡಿ, ಕಾರ್ಖಾನೆಯಲ್ಲಿ ಎಣಿಸುವ ಹಾಗೆ, ಒಂದೇ ಸ್ವರದಲ್ಲಿ, "ಒಂಜಿ... ರಡ್ಡ್... ಮೂಜಿ... ನಾಲ್..." ಅಂತ ಎಣಿಸಿದ್ಳು. ತುಕ್ರನ ಕಣ್ಣು ಮಾಡಿನ ಮೇಲೆ ಹೋಯ್ತು. ನೂರು ಆಗುವಾಗ ಅಳು ಬಿಟ್ಟು ಬಿಟ್ಟು ಬಂತು. ಮುನ್ನೂರು ಆಗುವಾಗ ನಿಂತಿತು. ನಳಿಗೆಯಲ್ಲಿ ಉಸಿರು ಸಣ್ಣಗೆ ಸೀಟಿ ಹಾಕಿದ ಹಾಗೆ ಹೋಗಿ ಬಂತು.

ದಮಯಂತಿ ಅವನ ಕೈಯ ಹಲಗೆ ಬಿಚ್ಚಿದ್ಳು. ಕಿನ್ನಿ ಎರಡೂ ಕೈಯನ್ನು ತನ್ನ ಮುಷ್ಟಿಯೊಳಗೆ ತಕೊಂಡ್ಳು.

ಎರಡು ಗಂಟೆಗೆ ರೊಸಾಲಿನ್ ಬಾಯಮ್ಮ ಬಂದ್ರು. ಬಾಗಿಲಲ್ಲೇ ನಿಂತ್ರು.

"ಇವಳು ಯಾರು?"

"ಅವನ ಅಮ್ಮ."

"ಯಾರು ಬಿಟ್ಟದ್ದು?"

"ನಾನು."

"ಪುನಃ?"

"ಪುನಃ ಅಲ್ಲ ಬಾಯಮ್ಮ. ಈ ಸಲ ಹೇಳಿ ಬಿಟ್ಟದ್ದು."

ರೊಸಾಲಿನ್ ಬಾಯಮ್ಮ ಹತ್ತಿರ ಬಂದು ಮಗುವನ್ನು ನೋಡಿದ್ರು. ಪಾದ ನೋಡಿದ್ರು. "ಇದೆಂತ ಮಸಿ? ಆಸ್ಪತ್ರೆಯಾ ಒಲೆಯಾ ಇದು?"

"ಅಲ್ಲಿ ಮಸಿ ಇದ್ರೆ ಕುತ್ತಿಗೆಗೆ ಬಟ್ಟೆ ಬರುದಿಲ್ಲ."

ಬಾಯಮ್ಮ ಏನೋ ಹೇಳ್ಲಿಕ್ಕೆ ಬಾಯಿ ತೆರೆದ್ರು. ಅಷ್ಟರಲ್ಲಿ ಕಿನ್ನಿ, "ಅಕ್ಕ, ಸದ್ದು ಒಡಕಾಯ್ತು" ಅಂದ್ಳು.

ದಮಯಂತಿಗೆ ಏನೂ ಕೇಳಿಸಿರಲಿಲ್ಲ. ಬಗ್ಗಿ ಕಿವಿ ಕೊಟ್ಳು. ಹೌದು, ಸೀಟಿಯ ಒಳಗೆ ಒಂದು ಸಣ್ಣ ಪಟಪಟ. ಒಳಗಿನ ನಳಿಗೆ ತೆಗೆದು ಗರಿ ಇಳಿಸಿದ್ಳು. ಬೆರಳಷ್ಟು ಉದ್ದದ ಪೊರೆ ಸುತ್ತಿಕೊಂಡು ಬಂತು. ಇನ್ನು ಎರಡು ನಿಮಿಷ ಬಿಟ್ಟಿದ್ರೆ ಅದು ಅಡ್ಡ ನಿಂತು ಮುಗೀತಿತ್ತು.

"ಇವಳಿಗೆ ಹೇಗೆ ಗೊತ್ತಾದದ್ದು?" ಕೇಳಿದ್ರು ಬಾಯಮ್ಮ.

ಕಿನ್ನಿ ಎದ್ದು ನಿಂತು ಹೇಳಿದ್ಳು, "ನನ್ನ ಕೆಲಸ ಅದೇ ಅಲ್ವಾ ಬಾಯಮ್ಮ. ಸುಡುವ ಗೂಡಿಂದ ಬಂದ ಹಂಚನ್ನು ಬಡಿದು ನೋಡುದು. ಬಿರುಕು ಕಣ್ಣಿಗೆ ಕಾಣುದಿಲ್ಲ, ಸದ್ದಿನಲ್ಲಿ ಗೊತ್ತಾಗ್ತದೆ."

"ಕೂತ್ಕೊ, ಕೂತ್ಕೊ" ಅಂದ್ರು ರೊಸಾಲಿನ್ ಬಾಯಮ್ಮ. ಮತ್ತೆ ದಮಯಂತಿಯ ಮುಖ ನೋಡಿದ್ರು. "ನೀನು ನಿನ್ನೆ ಬೆಳಿಗ್ಗೆಯಿಂದ ಇಲ್ಲೇ ಇದ್ದೀಯಾ?"

"ಹೌದು."

"ನಿನ್ನನ್ನೇ ಒಂದು ಮಂಚದಲ್ಲಿ ಹಾಕ್ಬೇಕು ಈಗ. ಚಾಪೆ ಹಾಕಿ ಮಲಗು. ಉಳಿದ ಐವರನ್ನು ನಾನು ನೋಡ್ತೇನೆ."

"ಇವನ ನಳಿಗೆ?"

"ಇವಳು ಇದ್ದಾಳಲ್ಲ, ಎಬ್ಬಿಸ್ತಾಳೆ. ನೀನೇ ಹೇಳಿಕೊಟ್ಟದ್ದು. ನಿನ್ನ ಮಾತಿನ ಮೇಲೆ ನಿನಗೇ ನಂಬಿಕೆ ಇಲ್ವಾ?"

ದಮಯಂತಿ ಚಾಪೆ ತಂದು ಮೂರನೇ ಮಂಚದ ಬದಿಯಲ್ಲಿ ಹಾಕಿ ಕೂತ್ಳು. ಮಲಗಲಿಕ್ಕೆ ಆಗ್ಲಿಲ್ಲ. ಕಿನ್ನಿಯ ಕೈಯನ್ನೇ ನೋಡ್ತಾ ಕೂತ್ಳು. ಕಿಟಿಕಿಯಲ್ಲಿ ಯಾರೋ ಇಬ್ಬರು ಹೆಂಗಸರು ಬಂದು ಇಣುಕಿದ್ರು. ಒಬ್ಬಳು ಗಲ್ಲಕ್ಕೆ ಕೈ ಇಟ್ಟು ಏನೋ ಹೇಳಿದ್ಳು. ಕಿನ್ನಿಯ ಕೈ ಎದ್ದಿತು. ದಮಯಂತಿ ಚಾಪೆಯಿಂದ ಅರ್ಧ ಎದ್ಳು. ಕಿನ್ನಿ ಸೆರಗನ್ನು ಮಗುವಿನಿಂದ ದೂರ ಎಳೆದು ಸೊಂಟಕ್ಕೆ ಸಿಕ್ಕಿಸಿದ್ಳು. ಮತ್ತೆ ಮಸಿ ಹಚ್ಚಿದ ಪಾದವನ್ನು ಹೊದಿಕೆಯಿಂದ ಹೊರಗೆ ತೆಗೆದು, ಕಿಟಿಕಿಗೆ ಕಾಣುವ ಹಾಗೆ ಇಟ್ಳು.

ಅದನ್ನು ನೋಡಿ ದಮಯಂತಿ ಮಲಗಿದ್ಳು.

ನಾಲ್ಕು ಗಂಟೆವರೆಗೆ ಕಿನ್ನಿ ಮೂರು ಸಲ ಎಬ್ಬಿಸಿದ್ಳು. ಮೂರು ಸಲವೂ ನಳಿಗೆಯಲ್ಲಿ ಕಸ ಇತ್ತು. ಅರ್ಧ ಕಣ್ಣಲ್ಲೇ ಎದ್ದು, ಗರಿ ಹಾಕಿ, ತೆಗೆದು, ಮಲಗಿದ್ಳು. ಡಾಕ್ಟರು ಬಂದು, "ಇದೆಂತ, ನರ್ಸು ಚಾಪೆಯಲ್ಲಿ, ಅಮ್ಮ ಸ್ಟೂಲಿನಲ್ಲಿ?" ಅಂದ್ರು. "ನಾನೇ ಹೇಳಿದ್ದು" ಅಂತ ರೊಸಾಲಿನ್ ಬಾಯಮ್ಮನ ಸ್ವರ ಕೇಳಿತು. ಡಾಕ್ಟರು ನಾಡಿ ಹಿಡಿದು, "ಈ ಹುಡುಗ ಉಳಿತಾನೆ" ಅಂದದ್ದೂ ಕೇಳಿತು. ದಮಯಂತಿಗೆ ಎದ್ದು ನಿಲ್ಬೇಕು ಅಂತ ಅನಿಸಿತು. ಅಷ್ಟರಲ್ಲಿ ನಿದ್ದೆ ಬಂತು.

ಹತ್ತನೇ ದಿನ ತುಕ್ರನ ನಳಿಗೆ ತೆಗೆದ್ರು. ಸ್ವರ ಬಂದ ಕೂಡಲೇ ಅವ ತೆರೆಸಾಳಿಗೆ ಬೈದ, ಮಂಗ ಅಂತ. ಅವಳು ಮೂರು ದಿನ ಅದನ್ನು ಎಲ್ಲರ ಹತ್ರ ಹೇಳಿಕೊಂಡು ತಿರುಗಿದ್ಳು.

ದಮಯಂತಿ ಮತ್ತೆ ಹಾಲಿನ ಕೋಣೆಗೆ ಹೋಗ್ಲಿಲ್ಲ. ಯುದ್ಧದ ವರ್ಷಗಳಲ್ಲೆಲ್ಲ ಅವಳು ಗಂಟಲ ವಾರ್ಡಿನಲ್ಲೇ ಇದ್ಳು. ಅಕ್ಕಿಗೆ ಕಷ್ಟ, ಮದ್ದಿಗೆ ಕಷ್ಟ, ನರ್ಸುಗಳು ಇಲ್ಲ. ಕಾಲು ಬಾತು ಚಪ್ಪಲಿ ಹಿಡಿಯುದಿಲ್ಲ. ಮಕ್ಕಳು ಹೋದದ್ದೂ ಉಂಟು, ಉಳಿದದ್ದೂ ಉಂಟು. ಗೋಡೆಯಲ್ಲಿ ಬರೆದ ನಿಯಮವನ್ನು ಯಾರೂ ಅಳಿಸ್ಲಿಲ್ಲ, ಯಾರೂ ಪಾಲಿಸ್ಲೂ ಇಲ್ಲ. ಲಕ್ಷ್ಮೀ ದಾರಿಯಲ್ಲಿ ಕಂಡ್ರೆ ಮುಖ ತಿರುಗಿಸ್ತಿದ್ಳು. ದಮಯಂತಿ ಅವಳಿಗೆ ದಾರಿ ಬಿಟ್ಟು ಬದಿಗೆ ನಿಲ್ತಿದ್ಳು.

ಬೆಳಿಗ್ಗೆ ವಾರ್ಡಿಗೆ ಬಂದ ಕೂಡಲೇ ಅವಳು ಮೊದಲು ಜಗಲಿಗೆ ಹೋಗುದು. ಅಲ್ಲಿ ಹೊಸದಾಗಿ ಬಂದ ಅಮ್ಮ ಯಾರಾದ್ರೂ ಇರ್ತಿದ್ಳು, ರಾತ್ರಿಯಿಡೀ ನಿದ್ದೆ ಇಲ್ಲದ ಕಣ್ಣು. ದಮಯಂತಿಗೂ ಅದೇ ಕಣ್ಣು. ಆ ಅಮ್ಮನ ಎದುರು ನೆಲದಲ್ಲಿ ಕೂತು, "ಒಳಗೆ ಬರುವ ಮೊದಲು ಒಂದು ಕೆಲಸ ಮಾಡು. ನಿನ್ನ ಕೈಯಿಂದ ನಿನ್ನ ಬಾಯಿ ಮೂಗು ಮುಚ್ಚು" ಅಂತ ಹೇಳ್ತಿದ್ಳು. ಮತ್ತೆ ಆ ಅಮ್ಮ ಕೈ ತೆಗೆಯುವವರೆಗೆ ಕಾಯ್ತಿದ್ಳು.